ಶುಕ್ರವಾರದ ಹೆಜ್ಜೆಗಳು

8 ನವೆಂಬರ್ 1996, ಶುಕ್ರವಾರ

ಬೆಳಗಿನ 5.52ರ ಸ್ಲೋ ಲೋಕಲ್ ರೈಲು. ದಿವಾದಲ್ಲಿ ಇಳಿಯುವಾಗ ಚೀಲ ಯಾರದೋ ಸೆರಗಿಗೆ ಸಿಕ್ಕಿ ಬೈಸಿಕೊಂಡೆ. ಗುಡ್ಡದ ಬುಡ ತಲುಪಿದ್ದು ಏಳಕ್ಕೆ ಮೊದಲೇ. ಇವತ್ತು ಕಲ್ಲು ಕ್ವಾರಿಗೆ ರಜೆ. ಕ್ರಷರ್ ಸದ್ದಿಲ್ಲ, ಲಾರಿ ಇಲ್ಲ. ನನಗೂ ಶುಕ್ರವಾರ ಕಾಲೇಜು ಮಧ್ಯಾಹ್ನದ ಮೇಲೆ. ಇದೊಂದೇ ದಿನ ಪಾರ್ಸಿಕ್ ಗುಡ್ಡ ನಮ್ಮದು.

ಸಮೀಕ್ಷೆಯ ಮೂರನೇ ಸಾಲು ಬುಡದಿಂದ ನೆತ್ತಿಯವರೆಗೆ ನಡೆದಾಯಿತು. ಕಾಡುಹಂದಿ ಮೂತಿಯಿಂದ ಉತ್ತ ನೆಲ — ಹದಿನಾಲ್ಕು ಕಡೆ. ಹಿಕ್ಕೆ — ಆರು ಕಡೆ. ಮೈ ಉಜ್ಜಿದ ಮರ ಎರಡು, ತೊಡೆಯೆತ್ತರಕ್ಕೆ ಕೆಸರು ಮೆತ್ತಿದೆ. ಎಲ್ಲ ಕಡೆ ಕೆಂಪು ರಿಬ್ಬನ್ ಕಟ್ಟಿ ನಂಬರ್ ಹಾಕಿದೆ. ಮಳೆ ಬಿಟ್ಟು ತಿಂಗಳಾಯಿತಷ್ಟೆ. ತೊರೆಗಳಲ್ಲಿ ಇನ್ನೂ ನೀರಿದೆ. ಅದಕ್ಕೇ ಹಂದಿಗಳು ಗುಡ್ಡದ ತುಂಬ ಹರಡಿಕೊಂಡಿವೆ.

ಮಾನಪ್ಪ ಎಂದಿನಂತೆ ಬಂದಿದ್ದ. ರಾಯಚೂರು ಕಡೆಯವನು, ನನಗಿಂತ ಐದಾರು ವರ್ಷ ದೊಡ್ಡವನು. ಕ್ವಾರಿಯಲ್ಲಿ ಬಂಡೆಗೆ ಮದ್ದು ತುಂಬುವ ಕೆಲಸ. ನಾನು ಕರೆದವಳಲ್ಲ. ಹೋದ ವರ್ಷ ಒಂದು ಗೊರಸಿನ ಗುರುತಿಗೆ ಸ್ಕೇಲ್ ಇಟ್ಟು ಕೂತಿದ್ದಾಗ ಹಿಂದೆ ಬಂದು ನಿಂತು ಹೇಳಿದ್ದ: “ಇದನ್ನ ಅಳತಿ ಮಾಡಿ ಏನ್ ಮಾಡ್ತೀರಿ ಅಕ್ಕೋರೆ? ನಿನ್ನಿ ಸಂಜಿದು ಇದು. ಬರ್ರಿ, ಹಂದೀನs ತೋರಸ್ತೀನಿ.” ಅವತ್ತಿನಿಂದ ಪ್ರತಿ ಶುಕ್ರವಾರ ಬರುತ್ತಾನೆ. ಊರಲ್ಲಿ ಅವನ ಅಪ್ಪ ಶೇಂಗಾ ಹೊಲ ಕಾಯಲು ಬಲೆ ಹಾಕಿ ಹಂದಿ ಹಿಡಿಯುತ್ತಿದ್ದನಂತೆ. ಹಂದಿ ಏನು ಯೋಚಿಸುತ್ತದೆ ಎಂದು ಇವನಿಗೆ ಗೊತ್ತು. ನನಗೆ ಗೊತ್ತಿರುವುದು ಅದರ ಹಲ್ಲಿನ ಲೆಕ್ಕ.

15 ನವೆಂಬರ್, ಶುಕ್ರವಾರ

ಹನ್ನೊಂದು! ಕಣ್ಣಾರೆ ಕಂಡೆ. ಬೆಳಿಗ್ಗೆ 7.40, ಪೂರ್ವದ ಇಳಿಜಾರು, ಕವಳಿ ಪೊದೆಗಳ ಪಕ್ಕ. ದೊಡ್ಡ ಹೆಣ್ಣು ಮೂರು, ಉಳಿದವು ಹೋದ ವರ್ಷದ ಮರಿಗಳು. ಮುಂದಿದ್ದ ಹೆಣ್ಣಿನ ಎಡಗಿವಿ ಹರಿದಿದೆ. ಅದು ತಲೆಯೆತ್ತಿ ಗಾಳಿ ಮೂಸಿತು. ಉಳಿದವು ಅದನ್ನೇ ನೋಡಿದವು. ಕ್ಷಣದಲ್ಲಿ ಒಂದೂ ಇಲ್ಲ.

ಉಳಿದ ದಿನ ಇವು ಹಗಲಲ್ಲಿ ಹೊರಗೆ ಬರುವುದಿಲ್ಲ. ಕ್ವಾರಿಯಲ್ಲಿ ಮದ್ದು ಸಿಡಿಸುವ ಮೊದಲು ಸೈರನ್ — ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ. ಮಾನಪ್ಪ ಹೇಳಿದ: “ನಮಕಿಂತ ಅವಕ್ಕs ಚೊಲೋ ತಿಳಿತೈತ್ರಿ. ಐದರ ಸೈರನ್ ಆಗೂತನಕ ಒಂದೂ ಅಲಗಾಡಂಗಿಲ್ಲ. ಸಿಡದ ಮ್ಯಾಲೆ ಹತ್ತು ನಿಮಿಷ ತಡದು ಎದ್ದು ಹೊಂಡತಾವ.” ಶುಕ್ರವಾರ ಸೈರನ್ ಇಲ್ಲ. ಬೆಳಿಗ್ಗೆಯೇ ಹೊರಬಂದಿವೆ. ಕ್ರಷರ್ ಸದ್ದು ಏಳದಿದ್ದರೆ ರಜೆ ಎಂದು ತಿಳಿದುಕೊಂಡಿವೆಯೆ? ಇದನ್ನು ಯಾರೂ ಬರೆದಿಲ್ಲ. ನಿಂತಲ್ಲೇ ಬರೆದೆ, ನೋಟ್‌ಬುಕ್‌ನಲ್ಲಿ ಅಕ್ಷರ ಸೊಟ್ಟ.

ಇಳಿದ ಮೇಲೆ ಅವನ ಹೆಂಡತಿ ಸಾಬವ್ವ ರೊಟ್ಟಿ ಕೊಟ್ಟಳು. ಕ್ವಾರಿಯ ಜಾಗದಲ್ಲೇ ನಲವತ್ತು ಗುಡಿಸಲು, ಎಲ್ಲ ರಾಯಚೂರು-ಕಲಬುರಗಿ ಕಡೆಯವರು. ಹೆಂಗಸರಿಗೆ ಜಲ್ಲಿ ಒಡೆಯುವ ಕೆಲಸ. ಅವಳ ರೆಪ್ಪೆಯ ಮೇಲೂ ಕಲ್ಲಿನ ಪುಡಿ.

“ಹಂದಿ ನೋಡಾಕ ರೈಲು ಹತ್ತಿ ಬರ್ತೀರಲ್ಲ ಅಕ್ಕೋರೆ,” ಎಂದು ನಕ್ಕಳು. “ನಿಮ್ಮನಿಯವ್ರು ಬೈಯಂಗಿಲ್ಲೇನ್ರಿ?”

29 ನವೆಂಬರ್

ಬೈಯುವುದಿಲ್ಲ. ಕೇಳುವುದೂ ಇಲ್ಲ. ಇವರು ವಾಗ್ಳೆ ಎಸ್ಟೇಟಿನ ಆಫೀಸಿನಿಂದ ಬಂದವರು ನನ್ನ ಬೂಟಿನ ಕೆಸರು ನೋಡಿ, “ರತ್ನಾ, ಇನ್ನೆಷ್ಟು ತಿಂಗಳು ಮಾರಾಯ್ತಿ?” ಎಂದರು, ಅಷ್ಟೆ. ಮಗಳು ಮಾನಸಿಯದು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲೇ ಉತ್ತರ. “ಮಮ್ಮೀ, ಕ್ಲಾಸ್ ಮೇ ಸಬ್ ಪೂಛ್ತೇ ಹೈ, ತೇರೀ ಮಮ್ಮೀ ಸುವರ್ ಪೇ ಡಾಕ್ಟರ್ ಬನೇಗೀ ಕ್ಯಾ?”

ಹೌದು. ಹಂದಿಗಳ ಮೇಲೆ ಡಾಕ್ಟರೇಟ್, ನಲವತ್ತೊಂದನೆಯ ವಯಸ್ಸಿನಲ್ಲಿ. ಗೈಡ್ ಕೂಡ ನಕ್ಕಿದ್ದರು. ಚಳಿಗಾಲದಲ್ಲಿ ಗುಡ್ಡಗಾಡಿನ ಕಾಡುಹಂದಿಗಳ ನೆಲೆ ಮತ್ತು ಓಡಾಟ — ಹುಲಿಯಲ್ಲ, ಚಿರತೆಯಲ್ಲ. ಆದರೆ ಹದಿನೈದು ವರ್ಷ ಅದೇ ಕಪ್ಪೆ ಕೊಯ್ದು ಅದೇ ನೋಟ್ಸ್ ಓದಿಸಿದವಳಿಗೆ ಇದೊಂದು ನನ್ನದು ಅನ್ನುವ ಕೆಲಸ.

ಉತ್ತರದ ಎರಡು ತೊರೆ ಬತ್ತಿವೆ. ಒಂದನೇ ಸಾಲಿನಲ್ಲಿ ಇವತ್ತು ಹೊಸ ಗುರುತೇ ಇಲ್ಲ.

13 ಡಿಸೆಂಬರ್, ಶುಕ್ರವಾರ

ಘಣಸೋಲಿ ಕಡೆಯ ಗದ್ದೆಗಳಲ್ಲಿ ಭತ್ತ ಕೊಯ್ದಾಗಿದೆ. ಮೂರು ವಾರ ಹಂದಿಗಳು ಆ ಕಡೆ ಇಳಿದು ಉದುರಿದ ತೆನೆ ತಿಂದಿವೆ, ಈಗ ವಾಪಸ್. ಹೆಜ್ಜೆಯ ದಿಕ್ಕು ಅಷ್ಟೂ ನೆತ್ತಿ ದಾಟಿ ಪೂರ್ವಕ್ಕೆ. ಪೂರ್ವದಲ್ಲಿ ಏನಿದೆ?

ಮಾನಪ್ಪ ಮುಂದೆ, ನಾನು ಹಿಂದೆ. ಒಂದೂವರೆ ಗಂಟೆ. ಮುಳ್ಳಿನಲ್ಲಿ ತೂರಿ, ಎರಡು ಕಡೆ ಅಂಗೈ ಊರಿಕೊಂಡು... ಬಂಡೆಯ ಸೀಳಿನಿಂದ ನೀರು ಜಿನುಗುತ್ತಿದೆ. ಕೊಡ ತುಂಬಲು ಕಾಲು ಗಂಟೆ ಬೇಕಾದೀತು, ಅಷ್ಟು ಸಣ್ಣ ಒರತೆ. ಅದರ ಕೆಳಗೆ ಹಂದಿಗಳು ಹೊರಳಿ ಮಾಡಿದ ಕೆಸರುಗುಂಡಿ, ಸುತ್ತ ಹುಲ್ಲು ಒತ್ತಿ ಮಲಗಿದ ಹಾಸಿಗೆಗಳು. ಎಣಿಸಿದೆ. ಹನ್ನೊಂದು.

“ಈ ವರ್ತಿ ಬ್ಯಾಸಗ್ಯಾಗೂ ಬತ್ತಂಗಿಲ್ರಿ,” ಎಂದ ಮಾನಪ್ಪ. “ಯಾರಿಗೂ ಹೇಳಿದ್ದಿಲ್ಲ ನಾ.”

“ನನಗೆ ಯಾಕೆ ಹೇಳಿದಿರಿ?”

ಜಿನುಗುವ ನೀರಿಗೆ ಬೊಗಸೆಯೊಡ್ಡಿದ. “ಹನ್ನೆರಡ ವರ್ಷ ಆತ್ರಿ ಈ ಗುಡ್ಡ ಒಡೀಲಿಕ್ಕತ್ತಿ. ಏನೈತಿ ಇದರಾಗ ಅಂತ ಕೇಳಿದವರು ನೀವೊಬ್ಬರs.”

27 ಡಿಸೆಂಬರ್, ಶುಕ್ರವಾರ

ಲೆಕ್ಕ ಮುಗಿಯಿತು. ಡಿಸೆಂಬರಿನ 38 ಹೊಸ ಗುರುತುಗಳಲ್ಲಿ 31 ಒರತೆಯಿಂದ ಇನ್ನೂರು ಮೀಟರ್ ಒಳಗೆ. ನವೆಂಬರಿನಲ್ಲಿ ಇಡೀ ಗುಡ್ಡದಲ್ಲಿದ್ದವು ಈಗ ಒಂದು ಅಂಗೈಯಷ್ಟು ಜಾಗಕ್ಕೆ ಬಂದಿವೆ. ಆ ನೀರಿಲ್ಲದಿದ್ದರೆ ಚಳಿಗಾಲ ದಾಟಲಾರವು. ಇಷ್ಟು ಸ್ಪಷ್ಟ ಫಲಿತಾಂಶ ನಾಲ್ಕು ವರ್ಷಗಳಲ್ಲಿ ಮೊದಲ ಸಲ. ನಕ್ಷೆಯಲ್ಲಿ ರಿಬ್ಬನ್ ನಂಬರ್‌ಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿದೆ. ಚಂದ ಕಂಡಿತು.

ಸಂತೋಷ ಒಂದು ಗಂಟೆಯೂ ಉಳಿಯಲಿಲ್ಲ. ಕ್ವಾರಿಯವರು ಒರತೆ ಇರುವ ಪೂರ್ವದ ಇಳಿಜಾರಿಗೆ ಹೊಸ ಲೀಸ್ ಕೇಳಿದ್ದಾರಂತೆ. ಬೇಸಿಗೆಗೆ ಮೊದಲು ಸರ್ವೆ. ಅಲ್ಲಿ ಕಾಡುಪ್ರಾಣಿಗಳ ನೆಲೆ ಇದೆಯೋ ಇಲ್ಲವೋ — ಅದೂ ಸರ್ವೆಯ ಒಂದು ಕಾಲಂ.

ಗೈಡ್‌ಗೆ ಫೋನ್ ಮಾಡಿದೆ. “ಥೀಸಿಸ್ ಬರೀರಿ ರತ್ನಾವತಿ. ಅರ್ಜಿ ಬರೆಯೋ ಕೆಲಸ ಬೇರೆಯವರದ್ದು.”

ಬೇರೆಯವರು ಅಂದರೆ ಯಾರು?

5 ಜನವರಿ 1997, ಭಾನುವಾರ

ಮನೆಗೇ ಬಂದಿದ್ದರು, ಕ್ವಾರಿಯ ಮ್ಯಾನೇಜರ್ ಮುರಾರಿ. ಕುಂದಾಪುರದವರು. ನಮ್ಮ ಮನೆಯವರಿಗೆ ಪರಿಚಯದವರ ಪರಿಚಯ. ಐವತ್ತರ ಆಸುಪಾಸು, ಬಿಳಿ ಶರ್ಟು, ಮೆತ್ತಗಿನ ಮಾತು. ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು ಒಳಗೆ ಬಂದರು.

“ನೀವು ಗುಡ್ಡ ಹತ್ತುದು ನಾನು ಎಷ್ಟೋ ಸಲ ಕಂಡಿದ್ದೆ ಮೇಡಂ. ಹೆಂಗಸರು ಇಷ್ಟು ಕಷ್ಟ ಪಡುದು ಅಂದ್ರೆ... ನಮ್ಮೂರಿನವರು ಅಂತ ಗೊತ್ತಾದದ್ದು ಮೊನ್ನೆ ಮೊನ್ನೆ.”

ಹಂದಿ, ನೀರಿನ ವಿಷಯ ಅವರೇ ತೆಗೆದರು. ನೀರು ಎಲ್ಲಿದೆ, ಪ್ರಾಣಿಗಳು ಎಲ್ಲಿ ಮಲಗುತ್ತವೆ ಎಂದು ಸರಿಯಾಗಿ ಗೊತ್ತಾದರೆ ಅಷ್ಟು ಜಾಗ ಬಿಟ್ಟು ಕೆಲಸ ಮಾಡಬಹುದು. “ನಮಗೂ ಪಾಪ ಪುಣ್ಯ ಉಂಟಲ್ಲ ಮೇಡಂ. ಸರ್ವೆಯವರಿಗೆ ನಾನೇ ಹೇಳ್ತೇನೆ. ನಿಮ್ಮ ಹತ್ರ ಎಂತಾದ್ರೂ ಬರೆದದ್ದು ಇದ್ರೆ ಕೊಡಿ.”

ಕೊಟ್ಟೆ. ಅಧ್ಯಾಯದ ಝೆರಾಕ್ಸ್, ನಕ್ಷೆಯ ಝೆರಾಕ್ಸ್. ಕೆಂಪು ಶಾಯಿ ಝೆರಾಕ್ಸಿನಲ್ಲಿ ಕಪ್ಪಾಗಿ ಬಂದಿತ್ತು. ಯಾವ ಚುಕ್ಕೆ ಏನೆಂದು ಪಕ್ಕದಲ್ಲಿ ಕೂತು ವಿವರಿಸಿದೆ. ಕಾಲೇಜಿನಲ್ಲೂ ಅಷ್ಟು ಚೆನ್ನಾಗಿ ಪಾಠ ಮಾಡಿರಲಿಕ್ಕಿಲ್ಲ.

ಅವರು ಹೋದ ಮೇಲೆ ಇವರೆಂದರು, “ನೋಡಿದೆಯಾ? ನಮ್ಮವರು ಅಂತ ಇದ್ರೆ ಹೀಗೆ. ಸುಮ್ಮನೆ ಹೆದರಿದ್ದೆ ನೀನು.” ಬಹಳ ದಿನಕ್ಕೆ ಇಬ್ಬರೂ ಕೂತು ಒಟ್ಟಿಗೆ ಚಹಾ ಕುಡಿದೆವು.

10 ಜನವರಿ, ಶುಕ್ರವಾರ

ಮಾನಪ್ಪ ಬುಡದಲ್ಲಿ ಇರಲಿಲ್ಲ. ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕೂತಿದ್ದ. ನಮಸ್ಕಾರವನ್ನೂ ಹೇಳಲಿಲ್ಲ.

“ನಕ್ಷಾ ಕೊಟ್ಟ್ರೇನ್ರಿ ಮ್ಯಾನೇಜರಗ?”

“ಕೊಟ್ಟೆ. ಒರತೆಯ ಜಾಗ ಬಿಟ್ಟು ಕೆಲಸ ಮಾಡುತ್ತೇವೆ ಅಂದಿದ್ದಾರೆ.”

“ಅಕ್ಕೋರೆ...” ತಲೆ ಅಲ್ಲಾಡಿಸಿದ. “ವರ್ತಿ ಕೆಳಗಿನ ಕಲ್ಲು ಈ ಗುಡ್ಡದಾಗ ಎಲ್ಲಕ್ಕಿಂತ ಗಟ್ಟಿ ಕಲ್ಲು. ಅದನ್ನ ಬಿಟ್ಟು ಮತ್ತೇನ್ ಒಡೀತಾರ್ರಿ? ಆಫೀಸಿನ್ಯಾಗ ಟೇಬಲ್ ಮ್ಯಾಲೆ ಹಾಸ್ಕೊಂಡ ಕುಂತಾರ. ನಿಮ್ಮ ರಿಬ್ಬನ್ ಎಲ್ಲೆಲ್ಲಿ ಅದಾವ, ಎಲ್ಲಾ ಅದರಾಗ ಐತಿ.”

ಸರ್ವೆಯವರಿಗೆ ನಾನೇ ನೇರ ಬರೆಯುತ್ತೇನೆ ಎಂದೆ. ಹಂದಿಗಳಿವೆ ಎಂದು ಸಾಬೀತು ಮಾಡಿ ಲೀಸ್ ನಿಲ್ಲಿಸುತ್ತೇನೆ ಎಂದೆ.

ಮಾನಪ್ಪ ನನ್ನನ್ನೇ ನೋಡಿದ. “ಹಂದಿ ಅದಾವ ಅಂತಾದ್ರ ಖಣಿ ನಿಲ್ತೈತಿ. ಖಣಿ ನಿಂತ್ರ ನಾವು ನಲವತ್ತು ಮನಿ ಎಲ್ಲಿಗೆ ಹೋಗೂಣು? ಹಂದಿ ಇಲ್ಲ ಅಂತಾದ್ರ ಖಣಿ ನಡೀತೈತಿ. ನೀವs ಹೇಳ್ರಿ, ನಾ ದೇವರ ಹಂತ್ಯಾಕ ಏನಂತ ಬೇಡ್ಕೋಬೇಕು?”

ನಾಲ್ಕು ವರ್ಷದಲ್ಲಿ ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಗುಡಿಸಲುಗಳನ್ನು ನಕ್ಷೆಯಲ್ಲಿ ಚೌಕಗಳಾಗಿ ಬರೆದಿದ್ದೇನೆ. ‘ಮಾನವ ಹಸ್ತಕ್ಷೇಪ’ ಎಂದು.

17 ಜನವರಿ, ಶುಕ್ರವಾರ

ಮಾನಪ್ಪ ಬರಲಿಲ್ಲ. ಗುಡಿಸಲಿಗೆ ಹೋದರೆ ಸಾಬವ್ವ ಒಲೆಯ ಮುಂದಿನಿಂದ ಏಳಲಿಲ್ಲ. “ಕೆಲಸಕ್ಕ ಹೋಗ್ಯಾರ.” ರಜೆಯ ದಿನ ಯಾವ ಕೆಲಸ ಎಂದು ಕೇಳಲು ಬಾಯಿ ಬರಲಿಲ್ಲ. ರೊಟ್ಟಿ ತಿನ್ನಿ ಎಂದು ಅವಳೂ ಅನ್ನಲಿಲ್ಲ.

ಒಬ್ಬಳೇ ಹತ್ತಿದೆ. ಒರತೆಯ ಮೇಲೆ, ಮುತ್ತುಗದ ಗಿಡಗಳ ಮರೆಯಲ್ಲಿ ಹರಿದ ಕಿವಿಯ ಹೆಣ್ಣು ಒಂಟಿಯಾಗಿ. ಹೊಟ್ಟೆ ಜೋತಿದೆ. ಬಾಯಲ್ಲಿ ಹುಲ್ಲು ಕತ್ತರಿಸಿ, ಕಟ್ಟು ಮಾಡಿ, ಹೊತ್ತುಕೊಂಡು ಹೋಗಿ ಹಾಕುತ್ತಿದೆ. ಮತ್ತೆ ಬರುತ್ತದೆ, ಮತ್ತೆ ಕತ್ತರಿಸುತ್ತದೆ. ಮರಿ ಹಾಕಲು ಗೂಡು. ಪುಸ್ತಕದಲ್ಲಿ ಓದಿದ್ದೆ. ಅಷ್ಟು ದೊಡ್ಡ ಪ್ರಾಣಿ ಅಷ್ಟು ನಾಜೂಕಿನಲ್ಲಿ ಹುಲ್ಲು ಹಾಸುವುದನ್ನು ನೋಡುತ್ತ ಎರಡು ಗಂಟೆ ಅಲುಗಾಡದೆ ಕೂತೆ. ಮಾನಸಿ ಹುಟ್ಟುವ ಮೊದಲು ಕಲ್ಯಾಣದ ಆ ಒಂದು ಕೋಣೆಯ ಮನೆಯಲ್ಲಿ ಹಳೆ ಸೀರೆಗಳನ್ನು ಮಡಚಿದ್ದು ನೆನಪಾಯಿತು.

ಈ ಜಾಗಕ್ಕೆ ರಿಬ್ಬನ್ ಕಟ್ಟಲಿಲ್ಲ. ನಂಬರ್ ಕೊಡಲಿಲ್ಲ.

24 ಜನವರಿ, ಶುಕ್ರವಾರ

ಎರಡು ಸತ್ತಿವೆ. ಎರಡೂ ಹೋದ ವರ್ಷದವು. ಒಂದು ರಿಬ್ಬನ್ 22ರ ಹತ್ತಿರ, ಇನ್ನೊಂದು 27ರ ಹತ್ತಿರ. ಕೆಳದವಡೆಯೇ ಇಲ್ಲ. ಹಿಟ್ಟಿನ ಉಂಡೆಯಲ್ಲಿ ಮದ್ದು ಇಟ್ಟಿದ್ದಾರೆ. ಕಚ್ಚಿದರೆ ಸಿಡಿಯುತ್ತದೆ. ಮಾಂಸಕ್ಕಾದರೆ ಹೊತ್ತುಕೊಂಡು ಹೋಗುತ್ತಿದ್ದರು. ಹಾಗೇ ಬಿಟ್ಟಿದ್ದಾರೆ. ಇಲ್ಲದಂತೆ ಮಾಡುವುದೇ ಉದ್ದೇಶ.

ಗುಡ್ಡದಲ್ಲಿ ಮದ್ದು ಯಾರ ಕೈಯಲ್ಲಿರುತ್ತದೆಂದು ನನಗೆ ಗೊತ್ತು.

ಇಳಿಯುವಾಗ ಅವನೇ ಎದುರಾದ.

“ಮಾನಪ್ಪ, ನೀವಾ?”

ನೆಲ ನೋಡಿದ. “ಮನಿ ತೆರವು ಮಾಡಸ್ತೀವಿ ಅಂದ್ರರಿ. ಸರ್ವೆ ಬರೂದ್ರಾಗ ಗುಡ್ಡ ಖಾಲಿ ಇರಬೇಕು ಅಂದ್ರು. ನಾ ಒಲ್ಲೆ ಅಂದ್ರ ಮತ್ತೊಬ್ಬ ಮಾಡ್ತಿದ್ದ.”

“ಹರಿದ ಕಿವಿಯದ್ದು ಬಸುರಿ. ಗೂಡು ಕಟ್ಟಿದೆ.”

ಥಟ್ಟನೆ ತಲೆಯೆತ್ತಿದ. ಆ ಮುಖ ನಾನು ನೋಡಿರಲಿಲ್ಲ. “ಎಲ್ಲಿ ಕಟ್ಟೈತ್ರಿ? ಎಲ್ಲಿ? ಹೇಳ್ರಿ ಅಕ್ಕೋರೆ!”

ಹೇಳಲಿಲ್ಲ. ಹೆದರಿಕೆಯಾಯಿತು. ಮೊದಲ ಸಲ ಅವನ ಬಗ್ಗೆ ಹೆದರಿಕೆ. ಚೀಲ ಎದೆಗೊತ್ತಿಕೊಂಡು ಪಕ್ಕದಿಂದ ಇಳಿದು ಬಂದೆ. ಹಿಂದಿನಿಂದ ಮತ್ತೊಮ್ಮೆ ಕೂಗಿದ. ತಿರುಗಲಿಲ್ಲ.

28 ಜನವರಿ, ಮಂಗಳವಾರ. ಠಾಣೆ ನಗರದ ಆಸ್ಪತ್ರೆ

ಮಾನಪ್ಪನ ಬಲಗೈ ಮಣಿಕಟ್ಟಿನವರೆಗೆ ಹೋಗಿದೆ. ಮುಖದಲ್ಲಿ ಅಲ್ಲಲ್ಲಿ ಸುಟ್ಟ ಗಾಯ. ಕಣ್ಣು ಉಳಿದಿದೆ. ಶನಿವಾರ ಬೆಳಿಗ್ಗೆಯೇ ಆದದ್ದು. ನನಗೆ ಗೊತ್ತಾದದ್ದು ನಿನ್ನೆ.

ವರಾಂಡದಲ್ಲಿ ಸಾಬವ್ವ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಕೂತೆ. ಅವಳು ಅಳುತ್ತಿರಲಿಲ್ಲ.

“ಒಂಬತ್ತು ಉಂಡಿ ಇಟ್ಟಿದ್ರಂತ್ರಿ. ಹಂದಿ ಎರಡು ತಿಂದ ಮ್ಯಾಲೆ ಮತ್ತ ಎರಡು ಹೊಸಾವು ಇಟ್ಟು ಒಂಬತ್ತು ತುಂಬಿಸಿದ್ರಂತ. ಶುಕ್ರವಾರ ಮನಿಗೆ ಬಂದು ಉಣ್ಣಲಿಲ್ಲ. ‘ಅದು ಬಸರಿ ಐತಿ, ಗೂಡು ಎಲ್ಲೈತಿ ಗೊತ್ತಿಲ್ಲ, ಎಲ್ಲಾವೂ ತಗದು ಬರ್ತೀನಿ’ ಅಂದ್ರು. ಬ್ಯಾಡ ಅಂದೆ. ನಸುಕಿನ್ಯಾಗ ಎದ್ದು ಹೋದ್ರು. ಏಳು ತಗದಾರ. ಎಂಟನೇದು...” ತನ್ನ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಳು.

ಗೂಡು ಎಲ್ಲಿದೆಯೆಂದು ಹೇಳಿದ್ದರೆ ಅದರ ಸುತ್ತಲಿನ ಎರಡು ಮೂರನ್ನಷ್ಟೇ ತೆಗೆದು ಬರುತ್ತಿದ್ದ. ಇಡೀ ಇಳಿಜಾರು ಸುತ್ತಿದ್ದು ನಾನು ಹೇಳದೆ ಹೋದದ್ದಕ್ಕೆ.

ಒಳಗೆ ಹೋದೆ. ಎಚ್ಚರವಿದ್ದ. ನನ್ನನ್ನು ನೋಡಿ ಏಳಲು ನೋಡಿದ.

“ಇನ್ನೊಂದು ಉಳದೈತ್ರಿ ಅಕ್ಕೋರೆ. ವರ್ತಿ ಬಲಕ್ಕ, ಕರಿ ಬಂಡಿ ಬುಡದಾಗ. ಯಾರರೆ ಹೋಗಿ ತಗೀರಿ. ನೀವು ಮುಟ್ಟಬ್ಯಾಡ್ರಿ ಮತ್ತ.”

ಕ್ಷಮೆ ಕೇಳಬೇಕೆಂದು ಹೋದವಳು. ಆಗಲಿ ಎಂದಷ್ಟೇ ಹೇಳಿ ಬಂದೆ.

30 ಜನವರಿ

ಒಂಬತ್ತನೆಯದರ ಬಗ್ಗೆ ಮುರಾರಿಗೆ ಫೋನ್ ಮಾಡಿದೆ. ಪೊಲೀಸರು ಗುಡ್ಡಕ್ಕೆ ಯಾರನ್ನೂ ಬಿಡುತ್ತಿಲ್ಲ, ನನ್ನನ್ನೂ. ಕ್ವಾರಿಯ ಜನರೇ ಹೋಗಬೇಕು. “ಅದನ್ನೆಲ್ಲ ನಾವು ನೋಡ್ಕೊಳ್ತೇವೆ ಮೇಡಂ. ನೀವು ಸ್ಟೇಟ್‌ಮೆಂಟ್ ಬಗ್ಗೆ ಯೋಚನೆ ಮಾಡಿ.” ಅದೇ ಮೆತ್ತಗಿನ ದನಿ.

ಅವರು ಹೇಳುವುದು ಇಷ್ಟು. ಮಾನಪ್ಪ ಬೇಟೆಗೆ ಹೋಗಿದ್ದ ಎಂದು ಕೇಸ್ ಆಗುತ್ತದೆ. ಮದ್ದು ಕದ್ದ ಎಂದೂ ಸೇರಿಸುತ್ತಾರೆ. ಒಂದು ಕೈಯಲ್ಲಿ ಜೈಲು. ಆದರೆ ಅವನು ನನ್ನ ಅಧ್ಯಯನದ ಕೆಲಸಕ್ಕೆ ಹೋಗಿದ್ದ, ದಾರಿಯಲ್ಲಿ ಯಾರೋ ಇಟ್ಟಿದ್ದ ಉಂಡೆ ಗೊತ್ತಿಲ್ಲದೆ ಎತ್ತಿದ ಎಂದು ನಾನು ಬರೆದುಕೊಟ್ಟರೆ ಅವನು ಪಾರು. ಕ್ವಾರಿಯೂ ಪಾರು. ಹೊಣೆ ನನ್ನದು.

ನಿಜ ಬರೆಯುತ್ತೇನೆ ಎಂದು ಇವರಿಗೆ ಹೇಳಿದೆ. ಮದ್ದು ಇಡಿಸಿದವರ ಹೆಸರು ಹಾಕಿ.

“ಬರಿ,” ಎಂದರು. ನನಗೆ ಆಶ್ಚರ್ಯ. “ಆದರೆ ಆ ಹೆಂಗಸನ್ನು ಒಂದು ಮಾತು ಕೇಳು ಮೊದಲು.”

ಕೇಳಿದೆ. ಸಾಬವ್ವ ನನ್ನ ಎರಡೂ ಕೈ ಹಿಡಿದುಕೊಂಡಳು. “ಖಣಿ ಹೆಸರ ತಗೀಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ನಲವತ್ತು ಮನಿ ಬೀದಿಗೆ ಬೀಳ್ತಾವ. ಎಲ್ಲಾರೂ ನನ್ನ ಗಂಡನ್ನs ಬೈತಾರ.”

3 ಫೆಬ್ರವರಿ, ಸೋಮವಾರ

ಬರೆದುಕೊಟ್ಟೆ. ಮರಾಠಿಯಲ್ಲಿ ಒಂದೂವರೆ ಪುಟ. ಸಬ್‌ಇನ್‌ಸ್ಪೆಕ್ಟರ್ ಓದಿ, “ಮೇಡಂ, ಜಂಗಲಾತ ಡುಕ್ಕರ್ ಆಹೇತ ಕಾ ಅಜೂನ್?” ಎಂದು ಕೇಳಿದ. ಹಂದಿಗಳು ಇನ್ನೂ ಇವೆಯೆ?

ಗೊತ್ತಿಲ್ಲ ಎಂದೆ. ಅದೊಂದು ನಿಜ.

14 ಫೆಬ್ರವರಿ, ಶುಕ್ರವಾರ

ಅರಣ್ಯ ಇಲಾಖೆಯ ಪತ್ರ ಬುಧವಾರವೇ ಬಂದಿದೆ. ಅಧ್ಯಯನದ ಪರವಾನಗಿ ರದ್ದು. ಸುರಕ್ಷತೆಯ ಕಾರಣ. ರಿಬ್ಬನ್‌ಗಳನ್ನು ತೆಗೆಯಲು ಇವತ್ತೊಂದು ದಿನ ಕೊಟ್ಟಿದ್ದಾರೆ.

ಒಬ್ಬಳೇ ಹತ್ತಿದೆ. ಇಡೀ ಇಳಿಜಾರಿನ ಒಣಹುಲ್ಲಿಗೆ ಬೆಂಕಿ ಹಾಕಿದ್ದಾರೆ. ಬೂದಿಯಲ್ಲಿ ಗುರುತು ಚೆನ್ನಾಗಿ ಮೂಡುತ್ತದೆ. ಬುಡದಿಂದ ಒರತೆಯವರೆಗೆ ಒಂದೂ ಗುರುತಿಲ್ಲ. ಹನ್ನೊಂದರಲ್ಲಿ ಉಳಿದವು ಯಾವ ಕಡೆ ಹೋದವೋ. ಕೆಳಗೆ ಘಣಸೋಲಿಯ ಕಡೆ ರಸ್ತೆ, ರಸ್ತೆಯಾಚೆ ಕಾರ್ಖಾನೆ, ಆಚೆಗೆ ಖಾಡಿಯ ಉಪ್ಪುನೀರು. ಈ ಕಡೆ ದಿವಾದ ಚಾಳಿನ ಮನೆಗಳು. ಹೋಗಲು ಕಡೆಯೇ ಇಲ್ಲ.

ಒರತೆಯ ಬಲಕ್ಕೆ, ಕರಿ ಬಂಡೆಯ ಬುಡದಲ್ಲಿ ಅದು ಬಿದ್ದಿತ್ತು. ಸತ್ತು ನಾಲ್ಕೈದು ದಿನವಾಗಿರಬೇಕು. ಎಡಗಿವಿ ನೋಡಿದೆ. ನೋಡಬೇಕಾಗಿರಲಿಲ್ಲ.

ಗೂಡಿಗೆ ಬೆಂಕಿ ತಲುಪಿರಲಿಲ್ಲ. ಮುತ್ತುಗ ಹೂಬಿಟ್ಟಿದೆ. ಹುಲ್ಲು ಸರಿಸಿದೆ. ಮರಿಗಳು ಮೂರು. ಒಂದರ ಮೇಲೊಂದು ಒತ್ತಿಕೊಂಡು ಮಲಗಿದ್ದವು, ಬೆನ್ನ ಮೇಲೆ ಹಳದಿ ಪಟ್ಟೆ. ಹಾಲಿಲ್ಲದೆ. ಗಾಯವೇನೂ ಇಲ್ಲ.

ಹುಲ್ಲು ಮತ್ತೆ ಮುಚ್ಚಿದೆ. ರಿಬ್ಬನ್ ತೆಗೆಯಲು ಹೊರಟೆ. ಇಪ್ಪತ್ತರ ನಂತರ ಕೈ ಓಡಲಿಲ್ಲ. ಉಳಿದವು ಅಲ್ಲೇ ಇವೆ.

26 ಫೆಬ್ರವರಿ

ಸರ್ವೆ ಆಯಿತು. ಕ್ವಾರಿಯವರು ನೇಮಿಸಿದ ಇಬ್ಬರು, ಒಂದೇ ದಿನ. ಕಾಡುಹಂದಿ: ಕಂಡುಬಂದಿಲ್ಲ. ಸುಳ್ಳೂ ಅಲ್ಲ.

ಹೊಸ ಲೀಸ್ ಸಿಕ್ಕಿದೆ. ಲಾರಿಗೆ ದಾರಿ ಬೇಕಲ್ಲ — ಗುಡಿಸಲುಗಳು ಅಡ್ಡ. ಮಾರ್ಚ್ ಮೊದಲ ವಾರದೊಳಗೆ ನಲವತ್ತೂ ತೆರವು. ಕಲ್ಲು ಒಡೆಯಲು ಯಂತ್ರ ಬರುತ್ತದಂತೆ.

ಮುರಾರಿಗೆ ಫೋನ್ ಮಾಡಿದೆ. “ನನ್ನ ಕೈಯಲ್ಲಿ ಎಂತ ಉಂಟು ಮೇಡಂ,” ಎಂದರು. ದನಿಯಲ್ಲಿ ನಿಜವಾದ ಬೇಸರವಿತ್ತು. ಅದಕ್ಕೇ ಹೆಚ್ಚು ಸಿಟ್ಟು ಬಂತು. ಇಟ್ಟುಬಿಟ್ಟೆ.

ಸಂಜೆ ಮಾನಸಿ ಬಂದು ಪಕ್ಕದಲ್ಲಿ ಕೂತಳು. ಕನ್ನಡದಲ್ಲೇ, “ಅಮ್ಮ, ಊಟ ಹಾಕಲಾ?” ಎಂದಳು. ಬೇಡ ಎಂದೆ.

7 ಮಾರ್ಚ್, ಶುಕ್ರವಾರ

ಕಲ್ಯಾಣ ಸ್ಟೇಷನ್. ಮಧ್ಯಾಹ್ನದ ಮದ್ರಾಸ್ ಗಾಡಿ. ಕಾಲೇಜಿಗೆ ರಜೆ ಹಾಕಿ ಹೋಗಿದ್ದೆ. ಮಾನಪ್ಪ, ಸಾಬವ್ವ, ಎರಡು ಗಂಟು, ಒಂದು ತಗಡಿನ ಪೆಟ್ಟಿಗೆ. ಬಲಗೈಯನ್ನು ಶಾಲಿನಲ್ಲಿ ಸುತ್ತಿಕೊಂಡಿದ್ದ.

“ಊರಲ್ಲಿ ಏನು ಮಾಡ್ತೀರಿ?”

“ನೋಡೂಣ್ರಿ. ಮಂದಿ ಹೊಲ ಕಾಯಾಕ ಒಂದು ಕೈ ಸಾಕು.”

ಕೊನೆಗೂ ಹೇಳಿದೆ. “ಮಾನಪ್ಪ, ಅವತ್ತು ಗೂಡು ಎಲ್ಲಿದೆ ಅಂತ ಕೇಳಿದಿರಿ. ನಾನು ಹೇಳಬೇಕಿತ್ತು.”

“ನಾ ಆಗಿದ್ರೂ ಹೇಳ್ತಿರಲಿಲ್ರಿ,” ಎಂದ. ಸಿಟ್ಟಿರಲಿಲ್ಲ. “ಉಂಡಿ ಇಟ್ಟವಗ ಯಾರ್ ಹೇಳ್ತಾರ?”

ಸಾಬವ್ವ ನೀರು ತುಂಬಿಸಿಕೊಳ್ಳಲು ಹೋದಳು. ಗಾಡಿ ಬರುವ ಅನೌನ್ಸ್‌ಮೆಂಟ್ ಆಯಿತು. ಮಾನಪ್ಪ ಹತ್ತಿರ ಬಂದ, ಗುಟ್ಟು ಕೇಳುವವನಂತೆ ದನಿ ತಗ್ಗಿಸಿದ.

“ಹರದ ಕಿವೀದು... ಮರಿ ಹಾಕ್ತೇನ್ರಿ?”

ನಾಲ್ಕು ವರ್ಷ ಒಂದು ಅಂಕಿಯನ್ನೂ ತಿದ್ದಿದವಳಲ್ಲ. “ಹಾಕಿತು,” ಎಂದೆ. “ನಾಲ್ಕು. ಬೆನ್ನ ಮೇಲೆ ಪಟ್ಟೆ. ನೆತ್ತಿ ದಾಟಿಸಿ ಆ ಕಡೆ ಕರಕೊಂಡು ಹೋಯಿತು.”

“ನಾಕು!” ಎಂದ. ಮುಖದ ಸುಟ್ಟ ಚರ್ಮ ಎಳೆದುಕೊಂಡು ಒಂದು ನಗು. ಹೆಂಡತಿಯನ್ನು ಕೂಗಿದ, “ಏ, ನಾಕು ಮರಿ ಹಾಕೇತಂತ ನೋಡು!”

ಸಾಬವ್ವ ಬಾಟಲಿ ಹಿಡಿದು ನಿಂತು ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು. ತಿಳಿದೂ ತಲೆಯಾಡಿಸಿದಳು. “ಚೊಲೋ ಆತು,” ಎಂದಳು ಗಂಡನಿಗೆ. “ಹತ್ರಿ ಇನ್ನ, ಗಾಡಿ ಬಂತು.”

14 ಮಾರ್ಚ್, ಶುಕ್ರವಾರ

ಗೈಡ್ ಫೋನ್. ಡಾಟಾ ಬಹಳ ಚೆನ್ನಾಗಿದೆಯಂತೆ, ಸೈರನ್ ಭಾಗವನ್ನು ಬೇರೆ ಪೇಪರ್ ಮಾಡಬಹುದಂತೆ. ಸೋಮವಾರ ಪೂರ್ತಿ ಪ್ರತಿ ಬೇಕು.

ಬೆಳಿಗ್ಗೆಯಿಂದ ಟೇಬಲ್ಲಿನ ಮುಂದೆ. ಫೆಬ್ರವರಿಯ ಕೋಷ್ಟಕದಲ್ಲಿ ಸೊನ್ನೆಗಳನ್ನು ತುಂಬಿದೆ. ಮರಿಗಳ ಕಾಲಂ ಖಾಲಿ ಬಿಟ್ಟೆ. ಮೂರು ಎಂದೂ ಬರೆಯಲಾಗಲಿಲ್ಲ, ನಾಲ್ಕು ಎಂದೂ. ಉಪಸಂಹಾರಕ್ಕೆ ಒಂದು ವಾಕ್ಯ ಬೇಕು — ಈ ಗುಡ್ಡದ ಹಂದಿಗಳು ಚಳಿಗಾಲದಲ್ಲಿ ಇಂಥಲ್ಲಿ ವಾಸಿಸುತ್ತವೆ ಎಂದು. ‘ವಾಸಿಸುತ್ತವೆ’ಯನ್ನು ಹೊಡೆದುಹಾಕಿ ‘ವಾಸಿಸುತ್ತಿದ್ದವು’ ಮಾಡಿದೆ. ಅಷ್ಟಕ್ಕೇ ಮಧ್ಯಾಹ್ನವಾಯಿತು.

ಉಳಿದದ್ದು ಕೃತಜ್ಞತೆಯ ಪುಟ. ಗೈಡ್, ಪ್ರಿನ್ಸಿಪಾಲ್, ಲೈಬ್ರರಿಯವರು, ಇವರು, ಮಾನಸಿ. ಎಲ್ಲರದೂ ಸಲೀಸಾಗಿ ಬಂತು. ಇನ್ನೊಂದು ಹೆಸರಿದೆ. ನಾಲ್ಕು ಸಲ ಶುರು ಮಾಡಿ ಹರಿದೆ. ಇದು ಐದನೆಯದು.

‘ಶ್ರೀ ಮಾನಪ್ಪ, ಕ್ವಾರಿ ಕಾರ್ಮಿಕರು. ಇವರು ನನಗೆ